ಸ್ಟೇಜು, ಪಬ್ಬು, ಬ್ರ್ಯಾಂಡು: ಬೆಂಗಳೂರಲ್ಲಿ ಮೂರೂ ಕಡೆ ದುಡಿಯೋಕೆ ಹೊರಟಿರೋ ಕಲಾವಿದರಿಗೆ

ಹೋದ ತಿಂಗಳು ರಂಗಶಂಕರದಲ್ಲಿ ನಾಟಕ ನೋಡಿ ಆಚೆ ಬಂದು ಸಬ್ಬಕ್ಕಿ ವಡೆ ತಿಂತಾ ನಿಂತಿದ್ದಾಗ ಒಬ್ಬ ಹುಡುಗಿ ಹತ್ರ ಬಂದು ಅಕ್ಕಾ ಒಂದು ವಿಷ್ಯ ಕೇಳ್ಬೇಕಿತ್ತು ಅಂದ್ಲು. ನಾಟಕ ಮಾಡ್ತಾಳೆ, ಡ್ಯಾನ್ಸ್ ಚೆನ್ನಾಗಿ ಬರತ್ತೆ, ಈಗ ಇಂದಿರಾನಗರದ ಒಂದು ಪಬ್‌ನವರು ಬುಧವಾರದ ನೈಟ್ ನೀನೇ ಪ್ರಮೋಟ್ ಮಾಡು, ಸ್ಟೇಜೂ ನೀನೇ ನೋಡ್ಕೋ ಅಂದಿದಾರಂತೆ, ಇನ್ನೊಂದು ಕಡೆ ಒಂದು ಇವೆಂಟ್ ಕಂಪನಿಯಲ್ಲಿ ಮಾರ್ಕೆಟಿಂಗ್ ಕೆಲಸಾನೂ ಸಿಕ್ಕಿದೆ. ಯಾವ್ದು ಬಿಡ್ಲಿ ಅಕ್ಕಾ ಅಂತ ಕೇಳಿದ್ಲು. ಯಾವ್ದೂ ಬಿಡ್ಬೇಡ, ಆದ್ರೆ ಮೂರನ್ನೂ ಹೆಂಗೆ ಮಾಡ್ಬೇಕು ಅಂತ ತಿಳ್ಕೊಂಡು ಮಾಡು ಅಂದೆ. ಅವತ್ತು ನಿಂತಲ್ಲೇ ಹೇಳಿದ್ದು ಅರ್ಧಂಬರ್ಧ, ಇಲ್ಲಿ ಪೂರ್ತಿ ಬರೀತಿದೀನಿ.

ನಾನು ವಿಜಯನಗರದವಳು. 2011ರಲ್ಲಿ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಮೊದಲ ಸಲ ಬಣ್ಣ ಹಚ್ಚಿದ್ದು, ಆಮೇಲೆ ಮಾಲ್‌ಗಳಲ್ಲಿ ಕಂಪನಿ ಟೀಶರ್ಟ್ ಹಾಕ್ಕೊಂಡು ಮೈಕ್ ಹಿಡಿದು ಗೇಮ್ಸ್ ಆಡ್ಸಿದೀನಿ, ರೆಸಿಡೆನ್ಸಿ ರೋಡ್ ಕಡೆ ಪಬ್‌ಗಳಿಗೆ ಗೆಸ್ಟ್ ಲಿಸ್ಟ್, ಅಂದ್ರೆ ಜನರನ್ನ ಕರೆದು ಬರೋರ ಹೆಸರಿನ ಪಟ್ಟಿ, ಮಾಡಿದೀನಿ, ಮದುವೆ ರಿಸೆಪ್ಷನ್‌ಗೆ ಆಂಕರಿಂಗ್, ರೇಡಿಯೋ ಜಾಹೀರಾತಿಗೆ ವಾಯ್ಸ್ ಓವರ್, ನಾಲ್ಕು ವರ್ಷ ಒಂದು ಏಜೆನ್ಸೀಲಿ ಕೂತು ಬ್ರ್ಯಾಂಡ್‌ಗಳ ಪ್ರಚಾರದ ಕೆಲಸ, ಇದೆಲ್ಲದರ ನಡುವೆ ನಾಟಕ. ನಮ್ಮ ದೊಡ್ಡಮ್ಮ ಈಗಲೂ ಕೇಳ್ತಾರೆ, ನೀನು ನಿಜವಾಗ್ಲೂ ಮಾಡೋದೇನು ಪುಟ್ಟಿ ಅಂತ. ಜನ ಸೇರಿಸ್ತೀನಿ ದೊಡ್ಡಮ್ಮ ಅಂತೀನಿ. ರೂಮಲ್ಲಿ ಯಾರು ಕೂತಿದಾರೆ, ಯಾಕೆ ಬಂದಿದಾರೆ ಅಂತ ಅರ್ಥ ಮಾಡ್ಕೊಂಡು ಅವರನ್ನ ಹಿಡಿದು ಕೂರ್ಸೋದು, ಮತ್ತೆ ಬರೋ ಹಂಗೆ ಮಾಡೋದು, ಇದೊಂದೇ ಕೆಲಸವನ್ನ ನಾನು ಬೇರೆ ಬೇರೆ ಬಾಗಿಲಲ್ಲಿ ಮಾಡಿರೋದು. ಇದು ತಲೇಲಿ ಕೂತ್ರೆ ಉಳಿದಿದ್ದೆಲ್ಲ ಸುಲಭ.

ಅಪರ್ಣಾ ಅವರನ್ನೇ ನೋಡಿ. ಸಿನಿಮಾ, ಚಂದನ ವಾಹಿನಿ, ಲೆಕ್ಕ ಇಲ್ಲದಷ್ಟು ಸರ್ಕಾರಿ ಸಮಾರಂಭಗಳ ನಿರೂಪಣೆ, ಟೀವಿಯಲ್ಲಿ ಕಾಮಿಡಿ, ನಮ್ಮ ಮೆಟ್ರೋದ ಕನ್ನಡ ಘೋಷಣೆ, ಎಲ್ಲಾ ಕಡೆ ಅವರು ಒಯ್ದಿದ್ದು ಅದೇ ಸ್ಪಷ್ಟವಾದ ಕನ್ನಡ ಮತ್ತೆ ಅದೇ ದನಿ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಮನೇಲಿ ಯಾರೋ ಹೋದ ಹಂಗೆ ಅನಿಸ್ತು ನಮಗೆಲ್ಲ. ಇನ್ನೊಂದು ಥರದ ಉದಾಹರಣೆ ಡ್ಯಾನಿಶ್ ಸೇಠ್, ರೇಡಿಯೋದಲ್ಲಿ ಫೋನ್ ಮಾಡಿ ಕಾಲೆಳೆಯೋದ್ರಿಂದ ಹಿಡಿದು ಸ್ಟೇಜ್ ಶೋ, ಆರ್‌ಸಿಬಿ ಕ್ರಿಕೆಟ್ ಟೀಮಿಗೆ ಮಿಸ್ಟರ್ ನ್ಯಾಗ್ಸ್ ಅನ್ನೋ ತಮಾಷೆ ಪಾತ್ರ, ಸಿನಿಮಾ ತನಕ. ಆ ನ್ಯಾಗ್ಸ್ ಪಾತ್ರ ಆಟಾನೂ ಹೌದು, ಒಂದು ಟೀಮಿನ ಮಾರ್ಕೆಟಿಂಗೂ ಹೌದು. ಇದೇನು ಹೊಸದೂ ಅಲ್ಲ, ನಮ್ಮ ಕಂಪನಿ ನಾಟಕದವರು ಜಟಕಾ ಗಾಡೀಲಿ ಊರೆಲ್ಲಾ ಸುತ್ತಿ ತಮಟೆ ಹೊಡ್ಸಿ ಕರಪತ್ರ ಎಸೀತಿದ್ರು, ಗುಬ್ಬಿ ವೀರಣ್ಣನವರು ನಿಜವಾದ ಆನೆಯನ್ನೇ ರಂಗದ ಮೇಲೆ ತಂದ್ರು, ಆನೆ ನೋಡೋಕೆ ಬಂದವರು ನಾಟಕಾನೂ ನೋಡಿದ್ರು. ಪ್ರಚಾರ ಮಾಡೋದು ಕಲೆಗೆ ಕಮ್ಮಿ ಅಂತ ಯಾರಾದ್ರೂ ಅಂದ್ರೆ ಅವರಿಗೆ ಇದನ್ನ ಹೇಳಿ.

ಸರಿ, ಶುರು ಮಾಡೋದು ಹೆಂಗೆ. ಮೊದಲು ಒಂದು ವಿಡಿಯೋ ಬೇಕು, ಒಂದೂವರೆ ನಿಮಿಷ ಸಾಕು. ಸ್ಟುಡಿಯೋದಲ್ಲಿ ಲೈಟ್ ಹಾಕ್ಸಿ ಮಾಡಿದ್ದು ಬೇಡ, ನಿಜವಾದ ಜನರ ಮುಂದೆ ನಿಂತಿದ್ದು, ಅವರು ನಗೋದು ಚಪ್ಪಾಳೆ ಹೊಡೆಯೋದು ಕೇಳೋ ಹಂಗಿರೋದು. ಕಾಸಿನ ವಿಷ್ಯ ನೋಡೋರು ನಿಮ್ಮ ಮುಖಕ್ಕಿಂತ ಜಾಸ್ತಿ ಎದುರಿಗಿರೋ ಜನರ ಮುಖ ನೋಡ್ತಾರೆ. ಅದರಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಇರ್ಲಿ. ಈ ಊರಲ್ಲಿ ಎರಡೂ ಭಾಷೇಲಿ ತಡವರಿಸದೆ ಮಾತಾಡೋರಿಗೆ ನಾಮಕರಣದಿಂದ ಹಿಡಿದು ವೈಟ್‌ಫೀಲ್ಡ್ ಕಂಪನಿಗಳ ಫ್ಯಾಮಿಲಿ ಡೇ ತನಕ ಕೆಲಸ ಇದೆ, ಹಿಂದಿ ತಮಿಳು ತೆಲುಗು ಒಂದೆರಡು ಸಾಲು ಬಂದ್ರೆ ಇನ್ನೂ ಒಳ್ಳೇದು.

ಈಗ ಪಬ್ ಪ್ರಮೋಷನ್, ಇದರ ಬಗ್ಗೆ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಹುಡುಗ್ರು ಹುಡುಗೀರು ಏಟು ತಿನ್ನೋದು ಇಲ್ಲೇ. ಶುಕ್ರವಾರ ಶನಿವಾರ ಪಬ್‌ಗೆ ಜನ ತಾವಾಗೇ ಬರ್ತಾರೆ, ನಿಮ್ಮನ್ನ ಕರೆಯೋದು ಮಂಗಳವಾರ ಬುಧವಾರ ಗುರುವಾರಕ್ಕೆ, ಅಂದ್ರೆ ಕಷ್ಟದ ದಿನಕ್ಕೆ. ಹಾಗಾಗಿ ಒಪ್ಪಂದ ಮಾಡ್ಕೊಳ್ಳುವಾಗ ಕಷ್ಟದ ದಿನದ ರೇಟೇ ಕೇಳಿ. ದುಡ್ಡು ಬರೋ ದಾರಿ ಮೂರು ನಾಲ್ಕು ಥರ ಇದೆ: ಒಬ್ಬರಿಗೆ ಇಷ್ಟು ಅಂತ ತಲೆ ಲೆಕ್ಕ, ನೀವು ಬುಕ್ ಮಾಡ್ಸಿದ ಟೇಬಲ್‌ಗಳ ಬಿಲ್ಲಲ್ಲಿ ಪರ್ಸೆಂಟೇಜು, ಬಾಗಿಲ ಕಲೆಕ್ಷನ್‌ನಲ್ಲಿ ಪಾಲು, ಇಲ್ಲಾಂದ್ರೆ ರಾತ್ರಿಗೆ ಇಷ್ಟು ಅಂತ ಫಿಕ್ಸೆಡ್. ಹೊಸಬರಿಗೆ ನಾನು ಹೇಳೋದು ಒಂದು ಸಣ್ಣ ಫಿಕ್ಸೆಡ್ ಅಮೌಂಟು ಪ್ಲಸ್ ತಲೆ ಲೆಕ್ಕ, ಯಾಕಂದ್ರೆ ಟೇಬಲ್ ಬಿಲ್ ಎಷ್ಟಾಯ್ತು ಅಂತ ನೋಡೋಕೆ ನಿಮಗೆ ಅವರ ಕಂಪ್ಯೂಟರ್ ಸಿಗಲ್ಲ, ಆದ್ರೆ ಬಾಗಿಲಲ್ಲಿ ನಿಂತು ತಲೆ ಎಣಿಸ್ಕೋಬಹುದು. ಕವರ್ ಚಾರ್ಜ್, ಅಂದ್ರೆ ಒಳಗೆ ಹೋಗೋಕೆ ಬಾಗಿಲಲ್ಲಿ ತಗೊಳ್ಳೋ ದುಡ್ಡು, ಅದರ ವಿಷ್ಯದಲ್ಲೂ ಒಂದು ಗಮನ ಇರ್ಲಿ. 1000 ರೂಪಾಯಿ ಕವರ್ ಅಂತಿಟ್ಕೊಳ್ಳಿ, ಅದು ಪೂರ್ತಿ ಊಟ ಡ್ರಿಂಕ್ಸ್‌ಗೆ ರಿಡೀಮ್ ಆಗೋದಾದ್ರೆ ಪಬ್‌ನವರಿಗೆ ಅದು ಬರೀ ವ್ಯಾಪಾರ, ಅದರಲ್ಲಿ ನಿಮಗೆ ದೊಡ್ಡ ಪಾಲು ಕೊಡೋಕಾಗಲ್ಲ. ರಿಡೀಮ್ ಆಗದೇ ಇರೋ ಎಂಟ್ರಿ ಟಿಕೆಟ್ ಆದ್ರೆ ಅದು ಶೋ ದುಡ್ಡು, ಜನ ನಿಮ್ಮನ್ನ ನೋಡೋಕೆ ಕೊಟ್ಟಿದ್ದು, ಅಲ್ಲಿ ಅರ್ಧಕ್ಕಿಂತ ಮೇಲೆ ಧೈರ್ಯವಾಗಿ ಕೇಳಿ.

ಮಾತಾಡಿದ್ದೆಲ್ಲಾ ಅವತ್ತೇ ರಾತ್ರಿ ವಾಟ್ಸಾಪಲ್ಲಿ ಬರೆದು ಕಳ್ಸಿ. ಸರ್, ಇವತ್ತು ಮಾತಾಡಿದ ಪ್ರಕಾರ ದಿನಾಂಕ ಇದು, ನನ್ನ ಕೆಲಸ ಇದು, ಅಮೌಂಟ್ ಇಷ್ಟು, ಪೇಮೆಂಟ್ ಇಂಥ ದಿನ, ಸರಿ ಇದ್ರೆ ಓಕೆ ಅಂತ ಹಾಕಿ. ಆ ಒಂದು ಓಕೆ ಬರೋ ತನಕ ಪೋಸ್ಟರ್ ಹಾಕ್ಬೇಡಿ. ನಾನು ಒಂದು ಸಲ ಬರೀ ಬಾಯಿ ಮಾತಲ್ಲಿ ಆರು ವಾರ ಒಂದು ಪಬ್ಬಿಗೆ ಜನ ತುಂಬ್ಸಿದೆ, ಏಳನೇ ವಾರ ಮ್ಯಾನೇಜರ್ ಬದಲಾದ್ರು, ಹೊಸಬರು ನನಗೇನೂ ಗೊತ್ತಿಲ್ಲ ಅಂದ್ರು, ಆ ಆರು ವಾರದ ದುಡ್ಡು ಇವತ್ತಿಗೂ ಬಂದಿಲ್ಲ. ಅವತ್ತು ನನ್ನ ಜೊತೆ ಇಬ್ಬರು ಡ್ಯಾನ್ಸರ್‌ಗಳಿದ್ರು, ಅವರಿಗೆ ನಾನು ಕೈಯಿಂದ ಕೊಟ್ಟೆ, ಆ ತಿಂಗಳು ಮನೆ ಬಾಡಿಗೆ ಅಮ್ಮ ಕಟ್ಟಿದ್ರು.

ಗೆಸ್ಟ್ ಲಿಸ್ಟ್ ಅಂದ್ರೆ ಬರೀ ಹೆಸರು ನಂಬರ್ ಅಲ್ಲ. ನಾನು ಒಂದು ಉದ್ದ ಬುಕ್ಕಲ್ಲಿ ಬರ್ಕೊಳ್ತೀನಿ, ಯಾರು, ಯಾವ ಏರಿಯಾ, ಯಾರ ಜೊತೆ ಬಂದ್ರು, ಯಾವ ಹಾಡಿಗೆ ಎದ್ರು, ಎಷ್ಟು ಗಂಟೆಗೆ ಹೋದ್ರು. ಏರಿಯಾ ಯಾಕೆ ಅಂತೀರಾ? ಇಂದಿರಾನಗರದಲ್ಲಿ ನಾನು ಮಾಡಿದ ಮೊದಲ ಕನ್ನಡ ಹಾಡಿನ ನೈಟ್‌ಗೆ ಬಂದವರಲ್ಲಿ ಜಾಸ್ತಿ ಜನ ವಿಜಯನಗರ, ರಾಜಾಜಿನಗರ, ನಾಗರಭಾವಿ ಕಡೆಯವರು. ಅವರಿಗೆ ಇಂದಿರಾನಗರ ಅಂದ್ರೆ ಬೇರೆ ಊರಿದ್ದಂಗೆ. ಶೋ ಹತ್ತೂವರೆಗೆ ಶುರು ಮಾಡಿದ್ವಿ, ಅಷ್ಟೊತ್ತಿಗೆ ಅರ್ಧ ಜನ ಕೊನೇ ಮೆಟ್ರೋ ಮಿಸ್ ಆಗತ್ತೆ ಅಂತ ಎದ್ದು ಹೊರಟ್ರು. ಮುಂದಿನ ವಾರದಿಂದ ಎಂಟಕ್ಕೆ ಬಾಗಿಲು, ಒಂಬತ್ತಕ್ಕೆ ಒಳ್ಳೆ ಐಟಮ್ಮು, ಹತ್ತು ಕಾಲಿಗೆ ಕೊನೇ ದೊಡ್ಡ ಹಾಡು ಅಂತ ಇಟ್ವಿ, ಪೋಸ್ಟರಲ್ಲೇ ಮೆಟ್ರೋ ಸಿಗೋ ಹೊತ್ತಿಗೆ ಶೋ ಮುಗಿಯತ್ತೆ ಅಂತ ಬರೆದ್ವಿ, ಆಮೇಲೆ ನೋಡಿ ಜನ ಬಂದಿದ್ದು. ಮೆಟ್ರೋದ ನೇರಳೆ ಲೈನ್ ವಿಜಯನಗರಾನೂ ಇಂದಿರಾನಗರಾನೂ ಜೋಡ್ಸತ್ತೆ, ಅದನ್ನ ಬಳಸ್ಕೊಳ್ದೇ ಇದ್ರೆ ಹೆಂಗೆ. ಮೊದಲೆಲ್ಲ ಡೀಜೆ ಹತ್ರ ಹೋಗಿ ಒಂದು ಕನ್ನಡ ಹಾಡು ಹಾಕಣ್ಣ ಅಂತ ಗೋಗರೀಬೇಕಿತ್ತು. ಈಗ ಇಡೀ ರಾತ್ರಿ ಕನ್ನಡ ಹಾಡಿಗೇ ಅಂತ ಜನ ಟಿಕೆಟ್ ತಗೊಂಡು ಬರ್ತಾರೆ, ಅದನ್ನ ನೋಡಿದಾಗೆಲ್ಲ ನನಗೆ ಗಂಟಲು ಕಟ್ಟತ್ತೆ.

ಬಂದವರ ನಂಬರ್‌ಗಳನ್ನೆಲ್ಲ ಒಂದೇ ವಾಟ್ಸಾಪ್ ಗ್ರೂಪಿಗೆ ತುರುಕೋ ತಪ್ಪು ಮಾಡ್ಬೇಡಿ. ಗ್ರೂಪಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣ್ಸತ್ತೆ, ಮಾರನೇ ದಿನವೇ ಹುಡುಗೀರಿಗೆ ಗೊತ್ತಿಲ್ಲದವರಿಂದ ಹಾಯ್ ಹಲೋ ಶುರು. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಅದರಲ್ಲಿ ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗತ್ತೆ, ಒಂದರಲ್ಲಿ 256 ಜನ ಹಿಡಿಸತ್ತೆ, ಆದ್ರೆ ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಮೆಸೇಜ್ ತಲುಪೋದು, ಅದಕ್ಕೇ ಬಾಗಿಲಲ್ಲೇ ನಗ್ತಾ ನನ್ನ ನಂಬರ್ ಸೇವ್ ಮಾಡ್ಕೊಳ್ಳಿ ಅಂತ ಹೇಳ್ಬೇಕು. ಆ ಲಿಸ್ಟನ್ನ ಪಬ್‌ನವರು ಕೇಳ್ತಾರೆ, ಕೊಡ್ಬೇಡಿ. ಜನ ನಂಬರ್ ಕೊಟ್ಟಿರೋದು ನಿಮ್ಮನ್ನ ನಂಬಿ.

ಇನ್ನೊಂದು ವಿಷ್ಯ ಕಡ್ಡಿ ಮುರಿದ ಹಂಗೆ ಹೇಳ್ತೀನಿ. ಕೆಲವು ಕಡೆ ಪ್ರಮೋಟರ್‌ಗೆ ಹೇಳೋ ಮೊದಲ ಮಾತೇ ಹುಡುಗೀರನ್ನ ಜಾಸ್ತಿ ಕರ್ಕೊಂಡು ಬನ್ನಿ ಅಂತ. ಲೇಡೀಸ್ ನೈಟ್ ಇಡೋದು ವ್ಯಾಪಾರದ ಲೆಕ್ಕ, ಹೆಂಗಸರಿಗೆ ಫ್ರೀ ಕೊಟ್ರೆ ದುಡ್ಡು ಕೊಡೋ ಗಂಡಸರು ಬರ್ತಾರೆ ಅಂತ, ಅದು ಎಲ್ಲರಿಗೂ ಗೊತ್ತಿರೋದೇ. ಆದ್ರೆ ನಿಮ್ಮ ಲಿಸ್ಟಲ್ಲಿ ಬಂದ ಹುಡುಗೀನ ಯಾರದ್ದೋ ಟೇಬಲ್‌ಗೆ ಹೋಗಿ ಸ್ವಲ್ಪ ಕೂತ್ಕೋ ಅಂತ ಹೇಳೋಕೆ ಯಾರಾದ್ರೂ ಕೇಳಿದ್ರೆ, ಅವತ್ತೇ ಆ ಜಾಗ ಬಿಟ್ಬಿಡಿ, ಆ ವಾರದ ದುಡ್ಡು ಹೋದ್ರೂ ಹೋಗ್ಲಿ. ನಾನು ಹಂಗೆ ಒಂದು ಜಾಗ ಬಿಟ್ಟೆ, ನನ್ನ ಜೊತೆ ಲಿಸ್ಟಲ್ಲಿದ್ದ ಹೆಂಗಸರು ಒಬ್ಬರೂ ತಪ್ಪದೆ ಮುಂದಿನ ಜಾಗಕ್ಕೆ ಬಂದ್ರು. ಶೋ ಮುಗಿದ ಮೇಲೆ ಎಲ್ಲರಿಗೂ ಆಟೋ ಕ್ಯಾಬ್ ಸಿಕ್ತಾ ಅಂತ ನೋಡಿ, ಬೌನ್ಸರ್ ಅಣ್ಣಂದಿರ ಹೆಸರು ತಿಳ್ಕೊಳ್ಳಿ, ಅವರಿಗೆ ಟೀ ಕೊಡ್ಸಿ, ಕಷ್ಟದ ಹೊತ್ತಲ್ಲಿ ಓಡಿ ಬರೋರು ಅವರೇ.

ಕಾನೂನಿನ ವಿಷ್ಯ ಬೋರು ಅನ್ಸತ್ತೆ, ಆದ್ರೂ ಓದಿ. ಬೆಂಗಳೂರಲ್ಲಿ ಲೈವ್ ಮ್ಯೂಸಿಕ್, ಡಿಸ್ಕೋ ಇಡೋ ಜಾಗಕ್ಕೆ ಪೊಲೀಸ್ ಕಮಿಷನರ್ ಕಡೆಯಿಂದ ಲೈಸೆನ್ಸ್ ಬೇಕು, ಅದು 2005ರ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು, ಆಗ ಎಷ್ಟೋ ಪಬ್‌ಗಳಲ್ಲಿ ಬ್ಯಾಂಡ್‌ಗಳು ರಾತ್ರೋರಾತ್ರಿ ನಿಂತು ಹೋದ್ವು. ಹಾಗಾಗಿ ಒಪ್ಕೊಳ್ಳೋಕೆ ಮುಂಚೆ ಲೈವ್‌ಗೆ ಲೈಸೆನ್ಸ್ ಇದೆಯಾ ಸರ್ ಅಂತ ಕೇಳಿ, ಬಾರ್ ಲೈಸೆನ್ಸ್ ಬೇರೆ ಇದು ಬೇರೆ. ಬಂದ್ ಮಾಡೋ ಟೈಮು ರಾತ್ರಿ 1. ಬಯಲಲ್ಲಿ ಧ್ವನಿವರ್ಧಕ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಹಾಕೋ ಹಂಗಿಲ್ಲ, ಅದು ದೇಶಕ್ಕೆಲ್ಲ ಅನ್ವಯ ಆಗೋ 2000ನೇ ಇಸವಿಯ ನಿಯಮ, ಮುಚ್ಚಿದ ಹಾಲ್‌ಗೆ ವಿನಾಯಿತಿ ಇದೆ. ರೂಫ್‌ಟಾಪ್ ಅಂದ್ರೆ ಮುಚ್ಚಿದ ಹಾಲ್ ಅಲ್ಲ, ಪಕ್ಕದಲ್ಲಿ ಮನೆ ಇದ್ದೇ ಇರ್ತವೆ, ಅಲ್ಲಿ ಮಲಗೋ ಅಜ್ಜ ಅಜ್ಜೀರೂ ಇರ್ತಾರೆ. ರೂಫ್‌ಟಾಪ್ ಶೋ ಇದ್ರೆ ಸಂಜೆ 7ಕ್ಕೇ ಶುರು ಮಾಡಿ. ಬಾಗಿಲಲ್ಲಿ 21 ವಯಸ್ಸಿನ ಐಡಿ ನೋಡ್ತಾರೆ, ನಿಮ್ಮ ಕಾಲೇಜ್ ಜೂನಿಯರ್‌ಗಳನ್ನ ಲಿಸ್ಟಿಗೆ ಹಾಕಿ ಬಾಗಿಲಲ್ಲಿ ಅವಮಾನ ಮಾಡ್ಸ್ಬೇಡಿ. ರೆಕಾರ್ಡ್ ಆಗಿರೋ ಹಾಡು ಹಾಕೋಕೆ ಪಿಪಿಎಲ್, ಸಾಹಿತ್ಯ ಸಂಗೀತದ ಹಕ್ಕಿಗೆ ಐಪಿಆರ್‌ಎಸ್ ಅನ್ನೋ ಸಂಸ್ಥೆಗಳಿಂದ ಲೈಸೆನ್ಸ್ ಬೇಕು, ಇವೆರಡರ ದುಡ್ಡನ್ನ ಜಾಗದವರು ಇಲ್ಲಾ ಆಯೋಜಕರು ಕಟ್ಟೋದು. ಆಯೋಜಕರು ನೀವೇ ಆದ್ರೆ ಅದೂ ನಿಮ್ಮ ತಲೆ ಮೇಲೇ.

2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ನೂಕುನುಗ್ಗಲಲ್ಲಿ 11 ಜನ ಹೋದ್ರು. ಅವತ್ತಿಂದ ನಾನು ಫ್ರೀ ಎಂಟ್ರಿ ಎಲ್ಲರೂ ಬನ್ನಿ ಅನ್ನೋ ಪೋಸ್ಟ್ ಹಾಕೋದೇ ಬಿಟ್ಟಿದೀನಿ. ನೀವು ಕರೀತಿರೋ ಜಾಗದಲ್ಲಿ ಎಷ್ಟು ಜನ ಹಿಡೀತಾರೆ, ಆಚೆ ಹೋಗೋ ಬಾಗಿಲು ಎಷ್ಟು, ಮೆಟ್ಟಿಲು ಎಷ್ಟು ಅಗಲ, ನೀವೇ ಹೋಗಿ ನೋಡಿ. 150 ಜನರ ಜಾಗಕ್ಕೆ 150 ಹೆಸರಾದ ಮೇಲೆ ಲಿಸ್ಟ್ ಮುಚ್ಚಿ, ಮ್ಯಾನೇಜರ್ ಇನ್ನೂ ಬರ್ಲಿ ಬಿಡಿ ಅಂದ್ರೂ ಸರಿ.

ಬ್ರ್ಯಾಂಡ್ ಕೆಲಸಕ್ಕೆ ಬರೋಣ. ಪಬ್ಬಲ್ಲಿ ಎರಡು ವರ್ಷ ಬಾಗಿಲಲ್ಲಿ ನಿಂತವರಿಗೆ ಜನ ಯಾವ ಮಾತಿಗೆ ನಿಲ್ತಾರೆ ಯಾವುದಕ್ಕೆ ಮುಂದೆ ಹೋಗ್ತಾರೆ ಅಂತ ಗೊತ್ತಿರತ್ತೆ, ಮಾಲಲ್ಲಿ ಹೊಸ ಬಿಸ್ಕೆಟ್ ಮಾರೋಕೂ ಅದೇ ಬೇಕು. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ಹಬ್ಬದ ಕಾರ್ಯಕ್ರಮ, ಹೊಸ ಶೋರೂಂ ಓಪನಿಂಗ್, ಕಂಪನಿಗಳ ಆನ್ಯುವಲ್ ಡೇ, ಇವೆಲ್ಲ ಒಂದಕ್ಕೊಂದು ಕೊಂಡಿ. ಇಲ್ಲಿ ಮುಖ್ಯವಾಗಿ ಕಲೀಬೇಕಾಗಿದ್ದು ಕೊಟೇಷನ್ ಬೇರೆ ಬೇರೆ ಸಾಲಲ್ಲಿ ಬರೆಯೋದು. ಸ್ಟೇಜ್ ಮೇಲೆ ನಿಲ್ಲೋಕೆ ಇಷ್ಟು, ಸ್ಕ್ರಿಪ್ಟ್ ಬರೆಯೋಕೆ ಇಷ್ಟು, ನಿಮ್ಮ ಇನ್‌ಸ್ಟಾಗ್ರಾಂನಲ್ಲಿ ಎರಡು ರೀಲ್‌ಗೆ ಇಷ್ಟು, ವಾಯ್ಸ್ ಓವರ್ ಎಷ್ಟು ತಿಂಗಳು ಬಳಸ್ತಾರೋ ಅದಕ್ಕೆ ಇಷ್ಟು. ಒಟ್ಟು ಹೇಳ್ಬಿಡಿ ಮೇಡಂ ಅಂತಾರೆ. ಒಟ್ಟು ಹೇಳಿದ್ರೆ ರೀಲು ಸ್ಕ್ರಿಪ್ಟು ಎಲ್ಲ ಬಿಟ್ಟಿಗೆ ಹೋಗತ್ತೆ. ದುಡ್ಡು ತಗೊಂಡು ಹಾಕೋ ಪೋಸ್ಟಿಗೆ ಜಾಹೀರಾತು ಅಂತ ಕಾಣೋ ಹಂಗೆ ಹಾಕಿ, ಜಾಹೀರಾತು ಕ್ಷೇತ್ರದವರೇ ತಮಗೆ ನಿಯಮ ಹಾಕ್ಕೊಳ್ಳೋಕೆ ಮಾಡ್ಕೊಂಡಿರೋ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಈ ನಿಯಮ ತಂದಿದೆ, ಮತ್ತೆ ನಿಮ್ಮ ಜನಕ್ಕೆ ನೀವು ಸುಳ್ಳು ಹೇಳ್ತಿಲ್ಲ ಅನ್ನೋದೂ ಇದೆ.

ಏಜೆನ್ಸಿ ನೌಕರಿ ಮಾಡ್ಬೇಕಾ ಬೇಡ್ವಾ ಅಂದ್ರೆ ಒಂದೆರಡು ವರ್ಷ ಮಾಡಿ ಅಂತೀನಿ. ದುಡ್ಡು ಕೊಡೋರು ಟೇಬಲ್ಲಿನ ಆ ಕಡೆ ಕೂತು ಕಲಾವಿದರ ಬಗ್ಗೆ ಹೆಂಗೆ ಮಾತಾಡ್ತಾರೆ ಅಂತ ಅಲ್ಲಿ ಕೂತಾಗಲೇ ಗೊತ್ತಾಗೋದು. ಟೈಮಿಗೆ ಬರ್ತಾರಾ, ಫೋನ್ ಎತ್ತುತಾರಾ, ಬಿಲ್ ಸರಿಯಾಗಿ ಕಳಿಸ್ತಾರಾ, ಇಷ್ಟೇ ಕೇಳೋದು ಅವರು, ಟ್ಯಾಲೆಂಟ್ ಮಾತು ಆಮೇಲೆ. ನಾಟಕದ ರಿಹರ್ಸಲ್‌ಗೆ ಸಂಜೆ 6.30ಕ್ಕೆ ಬಿಡ್ತೀರಾ ಅಂತ ಮಾತ್ರ ಸೇರೋ ದಿನವೇ ಕೇಳ್ಕೊಳ್ಳಿ.

ವರ್ಷದ ಲೆಕ್ಕ ನಮಗೆ ಪಂಚಾಂಗದ ಲೆಕ್ಕ. ಆಷಾಢದಲ್ಲಿ ಮದುವೆ ಇಲ್ಲ, ಆಂಕರಿಂಗ್ ಬಂದ್. ಆ ತಿಂಗಳು ಪಬ್ ನೈಟ್‌ಗಳನ್ನ ಹಿಡಿದುಕೊಳ್ಳಿ, ಹೊಸ ವಿಡಿಯೋ ಮಾಡ್ಕೊಳ್ಳಿ. ಶ್ರಾವಣದಿಂದ ಮತ್ತೆ ಶುರು, ಗಣೇಶನ ಹಬ್ಬ ಬಂದ್ರೆ ಗಲ್ಲಿ ಗಲ್ಲಿಯಲ್ಲಿ ಆರ್ಕೆಸ್ಟ್ರಾ, ಮಧ್ಯೆ ಪಿತೃಪಕ್ಷ ಖಾಲಿ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಅದು ಡಿಸೆಂಬರ್ ತನಕಾನೂ ಎಳೀತದೆ, ಸಾಫ್ಟ್‌ವೇರ್ ಕಂಪನಿಗಳ ಒಳಗೂ ರಾಜ್ಯೋತ್ಸವ ಮಾಡ್ತಾರೆ, ಅಲ್ಲಿ ಒಳ್ಳೆ ಕನ್ನಡ ಆಂಕರ್‌ಗೆ ಬಹಳ ಬೇಡಿಕೆ. ಧನುರ್ಮಾಸದಲ್ಲಿ ಮದುವೆ ನಿಲ್ಲತ್ತೆ ಆದ್ರೆ ಅದೇ ಹೊತ್ತಿಗೆ ಕಂಪನಿಗಳ ಇಯರ್ ಎಂಡ್ ಪಾರ್ಟಿ, ಡಿಸೆಂಬರ್ 31, ಹಾಗಾಗಿ ಕೈ ಖಾಲಿ ಆಗಲ್ಲ. ಐಪಿಎಲ್ ಟೈಮಲ್ಲಿ ಪಬ್‌ನವರು ಮ್ಯಾಚ್ ಹಾಕ್ತಾರೆ, ಆರ್‌ಸಿಬಿ ಆಡೋ ದಿನ ನಿಮ್ಮ ಶೋ ಇಡ್ಬೇಡಿ, ಇಟ್ರೆ ಮ್ಯಾಚ್ ಜೊತೆಗೇ ಸೇರಿಸಿ ಇಡಿ. ದುಡ್ಡು ಬರೋ ತಿಂಗಳಲ್ಲಿ ಉಳಿಸಿದ್ದನ್ನ ದುಡ್ಡು ಬರದೇ ಇರೋ ತಿಂಗಳಿಗೆ ಇಟ್ಕೊಳ್ಳಿ, ಕಮ್ಮಿ ಅಂದ್ರೂ ಮೂರು ತಿಂಗಳ ಮನೆ ಖರ್ಚು ಬೇರೆ ಅಕೌಂಟಲ್ಲಿ.

ದುಡ್ಡು ತಗೊಳ್ಳೋ ಕ್ರಮ: ಅರ್ಧ ಅಡ್ವಾನ್ಸು, ಉಳಿದರ್ಧ ಸ್ಟೇಜ್ ಹತ್ತೋ ಮುಂಚೆ. ಮದುವೆ ಮನೆಯವರು ಕೊಟ್ಬಿಡ್ತಾರೆ, ಕಂಪನಿಗಳು 45 ದಿನ 60 ದಿನ ಅಂತಾರೆ, ಅವರಿಗೆ ಪ್ಯಾನ್ ನಂಬರ್ ಇರೋ ಇನ್‌ವಾಯ್ಸ್ ಶೋ ಆದ ಮಾರನೇ ದಿನವೇ ಕಳ್ಸಿ. ಅವರು ಸಾಮಾನ್ಯವಾಗಿ 10% ಟಿಡಿಎಸ್ ಹಿಡೀತಾರೆ, ಅಂದ್ರೆ ನಿಮ್ಮ ಹೆಸರಲ್ಲಿ ಮುಂಚೇನೇ ಕಟ್ಟೋ ಇನ್ಕಂ ಟ್ಯಾಕ್ಸ್, ಅದು ನಿಮ್ಮದೇ ದುಡ್ಡು, ಇನ್ಕಂ ಟ್ಯಾಕ್ಸ್ ಸೈಟಲ್ಲಿ ನಿಮ್ಮ ಪ್ಯಾನ್‌ಗೆ ಕಟ್ಟಿದಾರಾ ನೋಡಿ, ರಿಟರ್ನ್ ಹಾಕಿದ್ರೆ ಎಷ್ಟೋ ಸಲ ವಾಪಸ್ ಬರತ್ತೆ. ನಮ್ಮಲ್ಲಿ ಎಷ್ಟು ಜನ ಕಲಾವಿದರು ರಿಟರ್ನ್ ಹಾಕ್ದೆ ಆ ದುಡ್ಡು ಬಿಟ್ಟಿದಾರೆ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಜಾನಪದ ಇಲ್ಲಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷದ ತನಕದ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಇದೆ, ಬ್ರ್ಯಾಂಡ್ ಅಂಬಾಸಿಡರ್ ಆಗಿ ಮಾಡಿದ್ರೆ ಇಲ್ಲ. ನೋಡಿ, ಅದಕ್ಕೂ ಬಿಲ್ ಬೇರೆ ಬೇರೆ ಇರ್ಬೇಕು ಅನ್ನೋದು.

ಮೈ ಕಡೆ ನೋಡ್ಕೊಳ್ಳೋದು: ಶೋಗೆ ಎರಡು ಗಂಟೆ ಮುಂಚೆ ಊಟ, ಬ್ಯಾಗಲ್ಲಿ ಬಿಸಿ ನೀರಿನ ಫ್ಲಾಸ್ಕು, ಕೆಲಸದ ರಾತ್ರಿ ಕುಡಿಯೋದು ಬೇಡ, ಯಾರು ಎಷ್ಟೇ ಬಲವಂತ ಮಾಡಿದ್ರೂ ಬೇಡ. ಗಾಡಿ ಓಡಿಸೋರು ಅಂತೂ ಬೇಡವೇ ಬೇಡ, 100 ಎಂಎಲ್ ರಕ್ತದಲ್ಲಿ 30 ಎಂಜಿ ದಾಟಿದ್ರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ, ಜೈಲೂ ಆಗ್ಬಹುದು. ಮನೆಯವರಿಗೆ ಮುಚ್ಚಿಡ್ಬೇಡಿ. ನಾನು ಮೊದಲ ಒಂದು ವರ್ಷ ಪಬ್ ಕೆಲಸ ಅಂತ ಅಮ್ಮನಿಗೆ ಹೇಳಿರ್ಲಿಲ್ಲ, ಅವರು ರಾತ್ರಿ ಎಲ್ಲಾ ಬಾಗಿಲಲ್ಲಿ ಕಾಯ್ತಿದ್ರು. ಕೊನೆಗೆ ಒಂದು ದಿನ ಕರ್ಕೊಂಡೇ ಹೋದೆ, ಸೌಂಡ್ ಚೆಕ್ ಹೊತ್ತಿಗೆ, ಮ್ಯಾನೇಜರ್, ಬೌನ್ಸರ್, ಅಡುಗೆಯವರು ಎಲ್ಲರ ಪರಿಚಯ ಮಾಡ್ಸಿದೆ. ಅಡುಗೆಮನೇಲಿ ಇದ್ದ ಹಾಸನದ ಹುಡುಗ ಅಮ್ಮನಿಗೆ ಉಪ್ಪಿಟ್ಟು ಮಾಡಿಕೊಟ್ಟ. ಆಮೇಲೆ ಅವರು ನೆಮ್ಮದಿಯಾಗಿ ಮಲಗೋಕೆ ಶುರು ಮಾಡಿದ್ರು.

ಆ ಹುಡುಗಿ ಪಬ್‌ನವರಿಗೆ ಹಾ ಅಂದಿದಾಳೆ, ಮಾರ್ಕೆಟಿಂಗ್ ಕೆಲಸಾನೂ ಸೇರಿದಾಳೆ, ರಿಹರ್ಸಲ್‌ಗೆ ಬಿಡ್ತಾರಂತೆ. ಮೊದಲ ಬುಧವಾರಕ್ಕೆ 60 ಹೆಸರಾಗಿದೆ ಅಕ್ಕಾ ಅಂತ ಮೊನ್ನೆ ಮೆಸೇಜ್ ಹಾಕಿದ್ಲು, ಪೋಸ್ಟರಲ್ಲಿ ಶೋ ಮುಗಿಯೋ ಟೈಮು 10.15 ಅಂತ ದೊಡ್ಡದಾಗೇ ಹಾಕ್ಸಿದಾಳೆ. ನನ್ನ ಹೆಸರು, ಅಮ್ಮನ ಹೆಸರು ಎರಡೂ ಲಿಸ್ಟಿಗೆ ಹಾಕು ಅಂದಿದೀನಿ, ಏಳಕ್ಕೆ ವಿಜಯನಗರದಲ್ಲಿ ಮೆಟ್ರೋ ಹತ್ತಬೇಕು.